ಮೈಲಿಗಲ್ಲು, ಮೋರಿ, ಬಿಟ್ಟುಹೋದ ತಿರುವು: ಕೊಡಗಿನ ಹಳೆಯ ಮೋಟಾರು ರಸ್ತೆಯನ್ನು ದಾಖಲಿಸುವುದು ಹೇಗೆ

ಮೈಸೂರಿನಿಂದ ಕುಶಾಲನಗರದ ಕಡೆಗೆ ಬರುವ ನಾಲ್ಕು ಪಥದ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಉದ್ದ ಸುಮಾರು 92 ಕಿ.ಮೀ., ಅಂದಾಜು ವೆಚ್ಚ 4,130 ಕೋಟಿ ರೂಪಾಯಿ. ಮಡಿಕೇರಿಯಿಂದ ಆಚೆಗೆ, ಸಂಪಾಜೆ ಘಾಟಿಯಲ್ಲಿ, 2018ರ ಆಗಸ್ಟ್‌ನ ಭೂಕುಸಿತದ ನಂತರ ಹಲವು ಕಡೆ ಕಾಂಕ್ರೀಟಿನ ತಡೆಗೋಡೆಗಳು ಎದ್ದಿವೆ. ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ರಸ್ತೆ ಅದೇ ವರ್ಷದ ಜೂನ್‌ನಲ್ಲಿ ಕುಸಿದು ವಾರಗಟ್ಟಲೆ ಮುಚ್ಚಿತ್ತು. ರಸ್ತೆ ಅಗಲವಾಗುವಾಗ, ರಿಪೇರಿಯಾಗುವಾಗ, ಹಳೆಯ ರಸ್ತೆಯ ಗುರುತುಗಳು ಸದ್ದಿಲ್ಲದೆ ಹೋಗುತ್ತವೆ. ಜೆಸಿಬಿಯ ಬಕೆಟ್ಟಿಗೆ ಮೈಲಿಗಲ್ಲೂ ಒಂದೇ, ಬಂಡೆಯ ಚೂರೂ ಒಂದೇ.

ಈ ಗುರುತುಗಳನ್ನು ಹುಡುಕಿ ಬರೆದಿಡುವ ಆಸಕ್ತರು ಊರೂರಲ್ಲೂ ಇರುತ್ತಾರೆ: ನಿವೃತ್ತ ಮೇಷ್ಟ್ರು, ಕಾಫಿ ಬೆಳೆಗಾರರು, ಹಳೆಯ ಬಸ್ಸಿನ ಡ್ರೈವರುಗಳು, ಕಾಲೇಜು ಹುಡುಗರು. ಉತ್ಸಾಹದ ಜೊತೆಗೆ ಕ್ರಮವೂ ಸೇರಿದರೆ ಅವರ ಕೆಲಸ ಮುಂದಿನವರಿಗೆ ದಾಖಲೆಯಾಗುತ್ತದೆ. ಕ್ರಮವಿಲ್ಲದಿದ್ದರೆ ಫೋನಿನ ಗ್ಯಾಲರಿಯಲ್ಲಿ ಎಲ್ಲಿಯದೆಂದು ಗೊತ್ತಾಗದ ಫೋಟೋಗಳಾಗಿ ಉಳಿಯುತ್ತದೆ. ಏನನ್ನು ನೋಡಬೇಕು, ಹೇಗೆ ಅಳೆಯಬೇಕು, ಎಲ್ಲಿ ತಪ್ಪಾಗುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಮೋಟಾರು ರಸ್ತೆ ಎಂದರೆ ಯಾವುದು?

ಕೊಡಗಿನ ದಾರಿಗಳಲ್ಲಿ ಸ್ಥೂಲವಾಗಿ ಮೂರು ತಲೆಮಾರುಗಳಿವೆ. ಮೊದಲನೆಯದು ಕಾಲುದಾರಿ ಮತ್ತು ಹೇರಿನ ಎತ್ತುಗಳ ದಾರಿ. ಉಪ್ಪು, ಅಕ್ಕಿ, ಏಲಕ್ಕಿ ಎತ್ತಿನ ಬೆನ್ನ ಮೇಲೆ ಹೋಗುತ್ತಿದ್ದ ಕಾಲದ್ದು. ಅದು ಗುಡ್ಡವನ್ನು ನೇರವಾಗಿ ಏರುತ್ತದೆ, ಕೆಲವೆಡೆ ಕಡಂಗಗಳ (ಹಳೆಯ ಕಾಲದ ರಕ್ಷಣಾ ಕಂದಕಗಳ) ಪಕ್ಕದಲ್ಲೇ ಸಾಗುತ್ತದೆ. ಎರಡನೆಯದು ಗಾಡಿ ರಸ್ತೆ. ಚಕ್ರ ಬಂದೊಡನೆ ಏರು ಕಡಿಮೆಯಾಗಬೇಕಾಯಿತು, ದಾರಿ ಗುಡ್ಡದ ಹೊಟ್ಟೆಯನ್ನು ಬಳಸಿಕೊಂಡು ಸುತ್ತತೊಡಗಿತು. ಮೂರನೆಯದು ಮೋಟಾರು ರಸ್ತೆ.

ಮೋಟಾರು ರಸ್ತೆಯನ್ನು ಪೂರ್ತಿ ಹೊಸದಾಗಿ ಕಡಿದದ್ದು ಕಡಿಮೆ. ಇದ್ದ ಗಾಡಿ ರಸ್ತೆಯನ್ನೇ ಅಗಲ ಮಾಡಿ, ತಿರುವು ಬಿಡಿಸಿ, ಮೇಲ್ಮೈ ಬದಲಿಸಿ, ಸೇತುವೆ ಗಟ್ಟಿ ಮಾಡಿದ್ದೇ ಹೆಚ್ಚು. ಹಾಗಾಗಿ ಒಂದೇ ಕಿಲೋಮೀಟರಿನಲ್ಲಿ ಎರಡು ಮೂರು ಕಾಲದ ಕೆಲಸ ಒಂದರ ಮೇಲೊಂದು ಕೂತಿರುತ್ತದೆ. ಅದನ್ನು ಬಿಡಿಸಿ ಓದುವುದೇ ಇಲ್ಲಿನ ಮುಖ್ಯ ಕೆಲಸ.

ರಸ್ತೆ ಯಾಕೆ ಬಂತು

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. ಆ ದಂಡಯಾತ್ರೆಯ ಕರ್ನಲ್ ಫ್ರೇಸರ್ ಹೆಸರಿನಿಂದಲೇ ಕುಶಾಲನಗರ ಬಹುಕಾಲ ಫ್ರೇಸರ್‌ಪೇಟೆ ಎನಿಸಿಕೊಂಡಿತ್ತು. 1837ರಲ್ಲಿ ಅಮರ ಸುಳ್ಯದ ದಂಗೆ ಎದ್ದು, ದಂಗೆಕೋರರು ಮಂಗಳೂರಿನವರೆಗೂ ಹೋದರು. ಪಡೆಯನ್ನು ಬೇಗ ಸಾಗಿಸಬಲ್ಲ ರಸ್ತೆ ಸರ್ಕಾರಕ್ಕೆ ಬೇಕಿತ್ತು. 1854ರ ಹೊತ್ತಿಗೆ ಮಡಿಕೇರಿಯ ಬಳಿ ಯುರೋಪಿಯನ್ನರ ಕಾಫಿ ತೋಟ ಶುರುವಾಯಿತು. ಕಾಫಿಯನ್ನು ಮಂಗಳೂರು, ತಲಶ್ಶೇರಿಗಳ ಬಂದರಿಗೆ ಇಳಿಸಬೇಕು, ಅಕ್ಕಿ ಮತ್ತು ಉಪ್ಪನ್ನು ಮೇಲಕ್ಕೆ ತರಬೇಕು. ರೈಲು ಮಂಗಳೂರಿಗೆ 1907ರಲ್ಲಿ ಬಂತು, ಕೊಡಗಿಗೆ ಇಂದಿಗೂ ಬಂದಿಲ್ಲ. ಬೇರೆ ಜಿಲ್ಲೆಗಳಲ್ಲಿ ರೈಲು ಹೊತ್ತ ಭಾರವನ್ನು ಇಲ್ಲಿ ರಸ್ತೆಯೊಂದೇ ಹೊತ್ತಿದೆ.

ಮುಖ್ಯ ರಸ್ತೆಗಳು ಮೂರು ದಿಕ್ಕಿಗೆ ಹೋದವು: ಕುಶಾಲನಗರದ ಮೂಲಕ ಮೈಸೂರಿಗೆ, ಸಂಪಾಜೆ ಘಾಟಿಯಿಂದ ಸುಳ್ಯ ಮತ್ತು ಮಂಗಳೂರಿಗೆ, ಪೆರುಂಬಾಡಿ–ಮಾಕುಟ್ಟದ ಮೂಲಕ ಕಣ್ಣೂರು ಮತ್ತು ತಲಶ್ಶೇರಿಗೆ. ಮೊದಲೆರಡು ಸೇರಿ ಈಗ ರಾಷ್ಟ್ರೀಯ ಹೆದ್ದಾರಿ 275ರ ಭಾಗ.

ಗಾಡಿ ರಸ್ತೆ ಮೋಟಾರಿಗೆ ಯಾಕೆ ಸಾಲಲಿಲ್ಲ

ಗಾಡಿ ರಸ್ತೆಯ ಮೇಲ್ಮೈಗೆ ಮೆಕಾಡಂ ಎಂದು ಹೆಸರು. ತಳದಲ್ಲಿ ಕೈಯಿಂದ ಜೋಡಿಸಿದ ದಪ್ಪ ಕಲ್ಲು, ಆರರಿಂದ ಒಂಬತ್ತು ಇಂಚು. ಅದರ ಮೇಲೆ ಒಡೆದ ಜಲ್ಲಿ. ನಾಲ್ಕೂವರೆ ಇಂಚು ಸಡಿಲ ಜಲ್ಲಿ ಹರಡಿ ರೋಲರ್ ಓಡಿಸಿದರೆ ಮೂರು ಇಂಚಿಗೆ ಕೂರುತ್ತದೆ. ಸಂದಿಗೆ ಮರಳುಮಣ್ಣು ಅಥವಾ ಕಲ್ಲಿನ ಪುಡಿ ತುಂಬಿ, ನೀರು ಹೊಯ್ದು, ಮತ್ತೆ ರೋಲರ್. ಅಂಟು ಯಾವುದೂ ಇಲ್ಲ. ಕಲ್ಲು ಕಲ್ಲಿಗೆ ಕಚ್ಚಿಕೊಂಡು, ಒದ್ದೆ ಪುಡಿ ಸಂದಿಯಲ್ಲಿ ಬಿಗಿದು ನಿಲ್ಲುತ್ತದೆ. ರಸ್ತೆಯ ಅಡ್ಡ ಮೈ ಹೆಂಚಿನ ಮಾಡಿನ ಹಾಗೆ ನಡುವೆ ಎತ್ತರ, ಎರಡು ಬದಿಗೆ ತಗ್ಗು; ಬಿದ್ದ ಮಳೆ ಚರಂಡಿಗೆ ಹೋಗಬೇಕು.

ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಜಲ್ಲಿಯನ್ನು ಅರೆದು ಪುಡಿ ಮಾಡುತ್ತದೆ. ಆ ಪುಡಿ ಸಂದಿಯಲ್ಲೇ ಉಳಿದು ಒಂದಷ್ಟು ಅಂಟಿನ ಕೆಲಸವನ್ನೂ ಮಾಡುತ್ತದೆ. ಗಾಳಿ ತುಂಬಿದ ರಬ್ಬರ್ ಟೈರು ವೇಗವಾಗಿ ಹೋದಾಗ ಅದೇ ಪುಡಿಯನ್ನು ಸಂದಿಯಿಂದ ಮೇಲಕ್ಕೆ ಎಳೆಯುತ್ತದೆ, ಧೂಳಾಗಿ ಹಾರಿಸುತ್ತದೆ. ಪುಡಿ ಹೋದ ಮೇಲೆ ಜಲ್ಲಿ ಸಡಿಲ, ಜಲ್ಲಿ ಎದ್ದ ಮೇಲೆ ಗುಂಡಿ, ಗುಂಡಿಯಲ್ಲಿ ಮಳೆನೀರು. ಈ ಪುಡಿ ಹಾರದಂತೆ ಹಿಡಿಯಲು ಬಂದದ್ದೇ ಡಾಂಬರು.

ತಿರುವಿನದು ಇನ್ನೊಂದು ಸಮಸ್ಯೆ. ಎತ್ತುಗಳು ಗಾಡಿಯನ್ನು ಬಹಳ ಕಡಿಮೆ ಜಾಗದಲ್ಲಿ ಹೊರಳಿಸಬಲ್ಲವು. ಬಸ್ಸಿನ ಮುಂದಿನ ಚಕ್ರ ಒಂದು ಮಿತಿಗಿಂತ ಹೆಚ್ಚು ತಿರುಗದು, ಹಿಂದಿನ ಚಕ್ರ ಒಳಬದಿಗೆ ಸರಿಯುತ್ತದೆ. ರಸ್ತೆ ಇಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಇಂದಿನ ಮಾನದಂಡದ ಪ್ರಕಾರ ಹೇರ್‌ಪಿನ್ ತಿರುವಿನ ಒಳ ತ್ರಿಜ್ಯ ಕನಿಷ್ಠ 14 ಮೀಟರ್ ಇರಬೇಕು. ಗಾಡಿ ಕಾಲದ ತಿರುವುಗಳು ಅದಕ್ಕಿಂತ ಬಿಗಿ, ಅಲ್ಲಿ ಬಸ್ಸನ್ನು ಒಮ್ಮೆ ಹಿಂದಕ್ಕೆ ತೆಗೆದು ತಿರುಗಿಸಬೇಕಾಗುತ್ತಿತ್ತು. ಗುಡ್ಡ ಕಡಿದು ತಿರುವನ್ನು ಬಿಡಿಸಿದ ಕಡೆ ಹಳೆಯ ತಿರುವು ಪಕ್ಕದಲ್ಲೇ ಉಳಿದಿರುತ್ತದೆ, ಕಾಡು ಬೆಳೆದಿರುತ್ತದೆ. ದಾಖಲಿಸುವವರಿಗೆ ಅದೇ ನಿಧಿ.

ಆರಂಭದ ವಾಹನಗಳ ದೌರ್ಬಲ್ಯವೂ ರಸ್ತೆಯ ಮೇಲೆ ಗುರುತು ಬಿಟ್ಟಿದೆ. 1920ರ ದಶಕದ ನಡುವಿನವರೆಗೆ ಬಹುಪಾಲು ಕಾರುಗಳಿಗೆ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕು. ಫೋರ್ಡ್ ಟಿ ಮಾದರಿಯಂಥ ಕಾರಿನಲ್ಲಿ ಪೆಟ್ರೋಲು ಟ್ಯಾಂಕಿನಿಂದ ಇಂಜಿನ್ನಿಗೆ ತನ್ನ ಭಾರದಿಂದಲೇ ಹರಿಯಬೇಕು. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದು ಏರು ಕಡಿದಾದರೆ ಇಂಜಿನ್ನಿಗೆ ತಲುಪುವುದಿಲ್ಲ, ಹಿಮ್ಮುಖವಾಗಿ ಹತ್ತಿಸಬೇಕು. ರೇಡಿಯೇಟರ್ ನೀರು ಕುದಿಯುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಸುಮಾರು 27 ಕಿ.ಮೀ.ನಲ್ಲಿ ಒಂಬೈನೂರು ಮೀಟರಿನಷ್ಟು ಇಳಿತವಿದೆ. ಸರಾಸರಿ ತೆಗೆದರೆ 30ಕ್ಕೆ 1ರ ಆಸುಪಾಸು, ಹೇಳಿಕೊಳ್ಳುವಷ್ಟು ಕಡಿದಲ್ಲ. ಆದರೆ ಸರಾಸರಿಯ ಒಳಗೆ ಕಡಿದಾದ ತುಂಡುಗಳಿವೆ, ಬಿಸಿಯಾದ ಇಂಜಿನ್ನು ಸೋಲುವುದು ಅಲ್ಲೇ. ಇಂಥ ತುಂಡಿನ ತಲೆಯಲ್ಲಿ ಒರತೆಗೆ ಕಟ್ಟಿದ ಕಲ್ಲಿನ ತೊಟ್ಟಿಯೋ ವಾಹನ ನಿಲ್ಲಿಸಲು ಅಗಲ ಮಾಡಿದ ಜಾಗವೋ ಕಂಡರೆ ಬಿಡದೆ ಬರೆದುಕೊಳ್ಳಿ. ತೊಟ್ಟಿ ಎತ್ತುಗಳಿಗೆಂದು ಕಟ್ಟಿದ್ದಿರಬಹುದು, ಮುಂದೆ ರೇಡಿಯೇಟರಿಗೂ ಆದದ್ದಿರಬಹುದು.

ದುಡ್ಡು ಎಲ್ಲಿಂದ ಬಂತು ಎಂಬುದೂ ಕಾಲ ನಿರ್ಣಯಕ್ಕೆ ಸಹಾಯ ಮಾಡುತ್ತದೆ. ಎಂ. ಆರ್. ಜಯಕರ್ ಅಧ್ಯಕ್ಷತೆಯ ರಸ್ತೆ ಅಭಿವೃದ್ಧಿ ಸಮಿತಿ 1927ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟಿತು. 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ತೆರಿಗೆ ಹಾಕಿ ಕೇಂದ್ರ ರಸ್ತೆ ನಿಧಿ ಮಾಡಿದರು. ಭಾರತೀಯ ರಸ್ತೆ ಕಾಂಗ್ರೆಸ್ ಆರಂಭವಾದದ್ದು 1934ರಲ್ಲಿ. ದಫ್ತರದಲ್ಲಿ ರಸ್ತೆ ನಿಧಿಯ ಹಣ ಎಂದು ಕಂಡರೆ ಆ ಕೆಲಸ 1929ಕ್ಕಿಂತ ಹಿಂದಿನದಾಗಿರಲಾರದು.

ಮೈಲಿಗಲ್ಲಿನ ಲೆಕ್ಕ

ಮೈಲಿಗಲ್ಲು ನೋಡಲು ಸುಂದರ, ಆದರೆ ಅದರ ನಿಜವಾದ ಬೆಲೆ ಇರುವುದು ಅದು ನಿಂತ ಜಾಗದಲ್ಲಿ. ಒಂದು ಮೈಲಿ ಎಂದರೆ 8 ಫರ್ಲಾಂಗು, 1,609 ಮೀಟರ್. ಫರ್ಲಾಂಗು 201 ಮೀಟರ್. ಪಕ್ಕಪಕ್ಕದ ಎರಡು ಮೈಲಿಗಲ್ಲುಗಳ ನಡುವೆ ಇಂದಿನ ರಸ್ತೆಯ ಮೇಲೆ ಅಳೆದರೆ 1,609 ಮೀಟರಿನ ಹತ್ತಿರ ಬರಬೇಕು. ಬರಲಿಲ್ಲವೆಂದರೆ ಎರಡರಲ್ಲಿ ಒಂದು ಆಗಿದೆ: ರಸ್ತೆ ಜಾಗ ಬದಲಿಸಿದೆ, ಇಲ್ಲವೇ ಕಲ್ಲು ಬದಲಿಸಿದೆ.

ಉದಾಹರಣೆಗೆ ನಡುವಿನ ದೂರ 1,480 ಮೀಟರ್ ಬಂತು ಎನ್ನಿ. 129 ಮೀಟರ್ ಕಡಿಮೆ. ಆ ತುಂಡಿನಲ್ಲಿ ಎಲ್ಲೋ ಒಂದು ಸುತ್ತು ತಿರುವನ್ನು ಕತ್ತರಿಸಿ ನೇರ ಮಾಡಿರಬೇಕು. ಈಗ ಗುಡ್ಡದ ಒಳಮಡಿಕೆಗಳನ್ನು ನೋಡುತ್ತ ನಡೆಯಿರಿ. ತೋಡು (ಸಣ್ಣ ಹಳ್ಳ) ದಾಟುವ ಕಡೆ ಹೊಸ ರಸ್ತೆ ಎತ್ತರದ ಏರಿಯ ಮೇಲೆ ನೇರವಾಗಿ ಹೋಗಿದ್ದರೆ, ತೋಡಿನ ಮೇಲ್ಭಾಗದಲ್ಲಿ ಹಳೆಯ ರಸ್ತೆ ಒಳಕ್ಕೆ ಹೋಗಿ ಬಂದ ಗುರುತು ಸಿಗುತ್ತದೆ: ಮೂರೂವರೆ–ನಾಲ್ಕು ಮೀಟರ್ ಅಗಲದ ಸಮತಟ್ಟು, ಗುಡ್ಡದ ಬದಿಯಲ್ಲಿ ಮುಚ್ಚಿಹೋದ ಚರಂಡಿ, ತೋಡಿನ ಮೇಲೆ ಒಂದು ಸಣ್ಣ ಕಮಾನು.

ಅಳೆಯಲು ಕಾರಿನ ಮೀಟರ್ ಸಾಲದು, ಅದು ನೂರು ಮೀಟರಿನ ಲೆಕ್ಕದಲ್ಲಿ ಓಡುತ್ತದೆ. ಕೈಚಕ್ರದ ಅಳತೆಗಾಡಿ ಒಳ್ಳೆಯದು, ಇಲ್ಲದಿದ್ದರೆ 30 ಮೀಟರಿನ ಟೇಪು. ರಸ್ತೆಯ ನಡುಗೆರೆಯಲ್ಲಿ ಅಳೆಯುವುದು ಸರಿ; ವಾಹನ ಓಡಾಡುವ ರಸ್ತೆಯಲ್ಲಿ ಅದು ಅಪಾಯ, ಆದ್ದರಿಂದ ಅಂಚಿನಲ್ಲಿ ಹೋಗುತ್ತ ಒಂದು ಬಾರಿ ಎಡಬದಿ, ಇನ್ನೊಂದು ಬಾರಿ ಬಲಬದಿ ಅಳೆದು ಸರಾಸರಿ ತೆಗೆಯಿರಿ. ತಿರುವಿನ ಒಳಬದಿ ಕಡಿಮೆ, ಹೊರಬದಿ ಹೆಚ್ಚು ಬರುತ್ತದೆ, ಸರಾಸರಿಯಲ್ಲಿ ಸಮವಾಗುತ್ತದೆ. ಇಷ್ಟಾದ ಮೇಲೂ ಒಂದು ಮೈಲಿಗೆ ಇಪ್ಪತ್ತು ಮೀಟರಿನವರೆಗಿನ ವ್ಯತ್ಯಾಸವನ್ನು ಅಳತೆಯ ತಪ್ಪೆಂದೇ ಬಿಡಿ. ಅದರ ಮೇಲೆ ಕಥೆ ಕಟ್ಟಬಾರದು.

ಕಲ್ಲಿನ ಎರಡು ಮುಖದಲ್ಲಿ ಎರಡು ಊರಿನ ದೂರವಿದ್ದರೆ ಇನ್ನೊಂದು ಪರೀಕ್ಷೆ ಸಾಧ್ಯ. ಒಂದು ಮುಖದಲ್ಲಿ 9, ಇನ್ನೊಂದರಲ್ಲಿ 8. ಮುಂದಿನ ಕಲ್ಲಿನಲ್ಲಿ 10 ಮತ್ತು 7. ಮೊತ್ತ ಎರಡರಲ್ಲೂ 17. ಅದೇ ಸಾಲಿನ ಒಂದು ಕಲ್ಲು 18 ತೋರಿಸಿದರೆ ಅದು ಬೇರೆ ಕಾಲದಲ್ಲಿ ಕೆತ್ತಿದ್ದು, ಅಥವಾ ಬೇರೆ ರಸ್ತೆಯಿಂದ ತಂದು ನೆಟ್ಟದ್ದು. ಇಂಥ ಹೊಂದದ ಕಲ್ಲನ್ನು ಪಟ್ಟಿಯಿಂದ ತೆಗೆಯಬೇಡಿ. ರಸ್ತೆ ಬದಲಾದ ಕಥೆ ಹೇಳುವುದು ಬಹಳ ಸಲ ಅದೇ.

ತೂಕ ಮತ್ತು ಅಳತೆಗಳ ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ. ಆ ಬಳಿಕ ನಿಧಾನವಾಗಿ ಕಿಲೋಮೀಟರ್ ಕಲ್ಲುಗಳು ಬಂದವು. ಕೆಲವು ಕಡೆ ಹಳೆಯ ಕಲ್ಲಿಗೇ ಸುಣ್ಣ ಬಳಿದು ಹೊಸ ಅಂಕಿ ಬರೆದಿರುವುದುಂಟು. ಬಣ್ಣದ ಅಂಕಿಯ ಕೆಳಗೆ ಕೆತ್ತಿದ ಅಂಕಿ ಇದೆಯೇ ಎಂದು ನೋಡಲು ಸಂಜೆಯ ಹೊತ್ತು ಟಾರ್ಚನ್ನು ಕಲ್ಲಿನ ಮೈಗೆ ಒತ್ತಿದಂತೆ ಪಕ್ಕದಿಂದ ಹಿಡಿಯಿರಿ. ಓರೆ ಬೆಳಕಿನಲ್ಲಿ ಕೆತ್ತನೆಯ ಗುಳಿ ನೆರಳಾಗಿ ಎದ್ದು ಕಾಣುತ್ತದೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದೇ ಕಲ್ಲು ಬೋಳಾಗಿ ಕಾಣುತ್ತದೆ.

ಅಕ್ಷರ ಓದಬೇಕೆಂದು ತಂತಿ ಬ್ರಷ್ಷಿನಿಂದ ಉಜ್ಜುವುದು, ಸೀಮೆಸುಣ್ಣ ತುಂಬುವುದು, ಆಯಿಲ್ ಪೇಂಟ್ ಬಳಿಯುವುದು ಮೂರೂ ಬೇಡ. ಕಲ್ಲುಹೂವನ್ನು ಕೆರೆದರೆ ಕಲ್ಲಿನ ಮೇಲ್ಪದರವೂ ಅದರ ಜೊತೆ ಬರುತ್ತದೆ. ಆಯಿಲ್ ಪೇಂಟ್ ಒಳಗಿನ ತೇವವನ್ನು ಕಟ್ಟಿಹಾಕುತ್ತದೆ, ಕೊಡಗಿನ ಮಳೆಯಲ್ಲಿ ನೆನೆದು ಒಣಗುವ ಕಲ್ಲು ಚಕ್ಕೆಯೇಳುತ್ತದೆ. ಬರಿ ನೀರು, ಮೆತ್ತನೆಯ ಬ್ರಷ್ಷು, ತಾಳ್ಮೆ ಇಷ್ಟೇ ಸಾಕು.

ಮೋರಿಯೊಳಗೆ ಇಣುಕಿದಾಗ

ಹೆಚ್ಚಿನವರು ಸೇತುವೆಯ ಫೋಟೋ ತೆಗೆದು ಮುಂದೆ ಹೋಗುತ್ತಾರೆ, ಮೋರಿಯನ್ನು ಗಮನಿಸುವುದಿಲ್ಲ. ಗುಡ್ಡದ ರಸ್ತೆಯ ಪ್ರಾಣವಿರುವುದು ಮೋರಿಯಲ್ಲಿ. ಯಾಕೆಂದು ತಿಳಿಯಲು ರಸ್ತೆಯ ಅಡ್ಡಕೊಯ್ತವನ್ನು ಕಣ್ಣ ಮುಂದೆ ತಂದುಕೊಳ್ಳಿ. ಗುಡ್ಡದ ಬದಿಯನ್ನು ಕಡಿದು ಆ ಮಣ್ಣನ್ನೇ ಕಣಿವೆಯ ಬದಿಗೆ ತುಂಬಿ ರಸ್ತೆ ಮಾಡಿರುತ್ತಾರೆ. ಅರ್ಧ ರಸ್ತೆ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ. ತುಂಬಿದ ಮಣ್ಣನ್ನು ಹೊರಗಿನ ತಡೆಗೋಡೆ ಹಿಡಿದಿರುತ್ತದೆ. ಗುಡ್ಡದಿಂದ ಇಳಿಯುವ ನೀರು ಒಳಬದಿಯ ಚರಂಡಿಗೆ ಬಂದು, ಮೋರಿಯ ಮೂಲಕ ರಸ್ತೆಯಡಿ ದಾಟಿ ಕಣಿವೆಗೆ ಹೋಗಬೇಕು. ಮೋರಿ ಕಟ್ಟಿಕೊಂಡರೆ ನೀರು ಒಂದೋ ರಸ್ತೆಯ ಮೇಲೆ ಹರಿದು ಹೊರ ಅಂಚನ್ನು ಕೊರೆಯುತ್ತದೆ, ಇಲ್ಲವೇ ತುಂಬಿದ ಮಣ್ಣಿನೊಳಗೆ ಇಂಗುತ್ತದೆ. ನೆನೆದ ಮಣ್ಣಿಗೆ ಭಾರ ಹೆಚ್ಚು, ಹಿಡಿತ ಕಡಿಮೆ. ತಡೆಗೋಡೆ ಮೊದಲು ಹೊಟ್ಟೆ ಉಬ್ಬುತ್ತದೆ, ಆಮೇಲೆ ಡಾಂಬರಿನ ಮೇಲೆ ಅಂಚಿಗೆ ಸಮಾನಾಂತರವಾಗಿ ಬಿಲ್ಲಿನಾಕಾರದ ಬಿರುಕು ಬರುತ್ತದೆ, ಕೊನೆಗೆ ಅರ್ಧ ರಸ್ತೆ ಕೆಳಗಿಳಿಯುತ್ತದೆ.

ಗಾರೆಯಿಲ್ಲದೆ ಒಣಗಲ್ಲಿನಲ್ಲಿ ಕಟ್ಟಿದ ಹಳೆಯ ಗೋಡೆಗಳು ಈ ವಿಷಯದಲ್ಲಿ ಜಾಣತನದ ಕೆಲಸ: ಸಂದಿಗಳಿಂದ ನೀರು ತಾನಾಗಿ ಸೋರಿಹೋಗುತ್ತದೆ. ಮೇಲಿಂದ ಸಿಮೆಂಟು ಮೆತ್ತಿ ಸಂದಿ ಮುಚ್ಚಿ, ನೀರಿಗೆ ತೂತು ಬಿಡದೆ ಹೋದರೆ ಅದೇ ಗೋಡೆಯ ಬೆನ್ನಿಗೆ ನೀರಿನ ಒತ್ತಡ ಬೀಳುತ್ತದೆ.

ಮೋರಿಯಲ್ಲಿ ಅಳೆಯಬೇಕಾದ್ದು ನಾಲ್ಕು: ಬಾಯಿಯ ಅಗಲ, ಬಾಯಿಯ ಎತ್ತರ, ಒಳಬಾಯಿಯಿಂದ ಹೊರಬಾಯಿಗೆ ಇರುವ ಉದ್ದ, ಮತ್ತು ಹೂಳು ತುಂಬಿದ ಎತ್ತರ. ಕೊನೆಯದನ್ನು ಮರೆಯುವವರೇ ಜಾಸ್ತಿ.

ಬಳಿಕ ಟಾರ್ಚು ಹಿಡಿದು ಒಳಗಿನ ನೆತ್ತಿಯನ್ನು ನೋಡಿ. ಅಗಲ ಮಾಡಿದ ರಸ್ತೆಯಲ್ಲಿ ಮೋರಿಯನ್ನೂ ಉದ್ದ ಮಾಡಿರುತ್ತಾರೆ. ನಡುವಿನ ಭಾಗ ಕಲ್ಲಿನ ಕಮಾನು, ಒಂದು ಬದಿಗೆ ಕಾಂಕ್ರೀಟ್ ಚಪ್ಪಡಿ ಅಥವಾ ಕೊಳವೆ ಅಂಟಿಕೊಂಡಿರುತ್ತದೆ. ಎರಡೂ ಸೇರುವ ಗೆರೆಯಿಂದ ಗೆರೆಗೆ ಅಳೆದರೆ ಅಗಲೀಕರಣಕ್ಕೆ ಮೊದಲು ರಸ್ತೆ ಎಷ್ಟು ಅಗಲವಿತ್ತೆಂದು ತಿಳಿಯುತ್ತದೆ. ಮೇಲಿನ ಡಾಂಬರು ಎಷ್ಟು ಸಲ ಬದಲಾದರೂ ಈ ಗೆರೆ ಕೆಳಗೆ ಹಾಗೇ ಇರುತ್ತದೆ.

ಸುಣ್ಣದ ಗಾರೆಯೋ ಸಿಮೆಂಟೋ ಎಂದು ತಿಳಿಯಲು ನಿಂಬೆರಸ ಬಿಟ್ಟು ನೊರೆ ನೋಡುವವರಿದ್ದಾರೆ. ಅದನ್ನು ನಂಬಲಾಗದು, ಹಳೆಯ ಸಿಮೆಂಟೂ ನೊರೆ ಕೊಡುತ್ತದೆ. ಬಣ್ಣ ಮತ್ತು ಗಟ್ಟಿತನ ನೋಡಿ: ಸುಣ್ಣದ ಗಾರೆ ಬಿಳಿಚು, ಉಗುರಿಗೆ ಸ್ವಲ್ಪ ಪುಡಿಯಾಗುತ್ತದೆ, ಒಳಗೆ ಬೇಯದ ಸುಣ್ಣದ ಬಿಳಿ ಹರಳು ಕಾಣುತ್ತದೆ. ಸಿಮೆಂಟು ಬೂದು, ಉಗುರಿಗೆ ಜಗ್ಗುವುದಿಲ್ಲ.

ಕಬ್ಬಿಣದ ತೊಲೆಯ ಸೇತುವೆಯಾದರೆ ತೊಲೆಯ ಪಕ್ಕದಲ್ಲಿ ಕಾರ್ಖಾನೆಯ ಹೆಸರು ಉಬ್ಬಿರುವುದುಂಟು. ಜಮ್ಶೆಡ್‌ಪುರದ ಟಾಟಾ ಕಾರ್ಖಾನೆಯ ಉಕ್ಕು ಬಂದದ್ದು 1912ರಿಂದ. ಆ ಗುರುತಿದ್ದರೆ ಸೇತುವೆ ಅದಕ್ಕಿಂತ ಈಚಿನದು. ಎಷ್ಟು ಈಚಿನದು ಎಂದು ತೊಲೆ ಹೇಳುವುದಿಲ್ಲ. ಒಂದು ಕಡೆ ಬಿಚ್ಚಿದ ತೊಲೆಯನ್ನು ಇನ್ನೊಂದು ಕಡೆ ಹಾಕುವುದು ಮಾಮೂಲು.

ರಸ್ತೆಯ ಹೊಟ್ಟೆಯನ್ನು ನೋಡುವ ಅವಕಾಶವೂ ಆಗಾಗ ಸಿಗುತ್ತದೆ. ನೀರಿನ ಪೈಪಿಗೋ ಕೇಬಲ್ಲಿಗೋ ರಸ್ತೆ ಅಗೆದಾಗ, ಅಂಚು ಕುಸಿದಾಗ, ಪದರಗಳು ಬಯಲಾಗುತ್ತವೆ: ಮೇಲೆ ಡಾಂಬರು, ಕೆಳಗೆ ಜಲ್ಲಿ, ಅದರ ಕೆಳಗೆ ನಿಲ್ಲಿಸಿ ಜೋಡಿಸಿದ ದಪ್ಪ ಕಲ್ಲು, ಕೊನೆಗೆ ಮಣ್ಣು. ಹತ್ತು ಸೆಂಟಿಮೀಟರಿಗೊಂದು ಬಣ್ಣ ಬಳಿದ ಅಳತೆಕೋಲನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯಿರಿ. ಆ ಗುಂಡಿ ಒಂದೆರಡು ದಿನದಲ್ಲಿ ಮುಚ್ಚಿಹೋಗುತ್ತದೆ, ಕೂಡಲೇ ಹೋಗಬೇಕು. ನೋಡಬೇಕೆಂದು ನೀವೇ ಅಗೆಯಬೇಡಿ.

ಹಳೆಯ ನಕ್ಷೆ, ಹೊಸ ಫೋನು

ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳಲ್ಲಿ ಒಂದು ಇಂಚಿಗೆ ಒಂದು ಮೈಲಿ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಮೂರೂ 48 ಪಿ ಎಂಬ ಹಾಳೆಯ ವ್ಯಾಪ್ತಿಯಲ್ಲಿ ಬರುತ್ತವೆ. ಅದರೊಳಗೆ 1ರಿಂದ 16ರವರೆಗೆ ಸಣ್ಣ ಹಾಳೆಗಳಿವೆ. ಇದನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಹಳೆಯ ನಕ್ಷೆಯಲ್ಲೂ ಇಂದಿನ ಚಿತ್ರದಲ್ಲೂ ಇರುವ ಜಾಗಗಳನ್ನು ಗುರುತಿಸಿ ಜೋಡಿಸಬೇಕು. ಮೂರು ಬಿಂದು ಕನಿಷ್ಠ, ಎಂಟು ಹತ್ತು ಇದ್ದರೆ ವಾಸಿ, ಅವು ಹಾಳೆಯ ನಾಲ್ಕೂ ಮೂಲೆಗೆ ಹರಡಿರಬೇಕು. ಬೆಟ್ಟದ ತುದಿಯ ಸರ್ವೆ ಕಲ್ಲು, ಹಳೆಯ ದೇವಸ್ಥಾನ, ಕೋಟೆಯ ಮೂಲೆ, ಬಂಡೆಯ ನಡುವೆ ಸೇರುವ ಹೊಳೆಗಳು ಒಳ್ಳೆಯ ಬಿಂದುಗಳು. ರಸ್ತೆಯ ಕವಲನ್ನು ಬಿಂದುವಾಗಿ ಹಿಡಿಯಬೇಡಿ: ರಸ್ತೆ ಕದಲಿದೆಯೇ ಎಂದು ನೋಡಲು ಹೊರಟವರು ರಸ್ತೆಯನ್ನೇ ಕದಲದ ಗುರುತಾಗಿ ನೆಟ್ಟರೆ ಉತ್ತರ ಮೊದಲೇ ತಪ್ಪಿರುತ್ತದೆ.

ಈ ನಕ್ಷೆಯಲ್ಲಿ ಕಾಗದದ ಮೇಲಿನ ಅರ್ಧ ಮಿಲಿಮೀಟರ್ ಎಂದರೆ ನೆಲದ ಮೇಲೆ ಸುಮಾರು 32 ಮೀಟರ್. ರಸ್ತೆಯ ಗೆರೆಯ ದಪ್ಪವೇ ಅಷ್ಟಿರುತ್ತದೆ. ಆದ್ದರಿಂದ ಹಳೆಯ ಗೆರೆ ಇಂದಿನ ರಸ್ತೆಯಿಂದ 30 ಮೀಟರ್ ಆಚೆ ಕಂಡರೆ ರಸ್ತೆ ಬದಲಾಯಿತೆಂದು ಬರೆಯಬಾರದು. ನೂರು ಮೀಟರ್ ಕಂಡರೆ ಕತ್ತಿ ಹಿಡಿದು ಕಾಡಿಗೆ ಹೋಗಿ ನೋಡಬಹುದು.

ನಕ್ಷೆಯ ಅಂಚಿನ ಅಕ್ಷಾಂಶ–ರೇಖಾಂಶವನ್ನು ಓದಿ ನೇರವಾಗಿ ಫೋನಿಗೆ ಹಾಕುವುದು ಸಾಮಾನ್ಯ ತಪ್ಪು. ಆ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಲೆಕ್ಕವನ್ನು ಬಳಸುತ್ತವೆ, ಫೋನಿನ ಜಿಪಿಎಸ್ ಬೇರೆ ಲೆಕ್ಕವನ್ನು. ನಮ್ಮ ಕಡೆ ಇವೆರಡರ ನಡುವಿನ ವ್ಯತ್ಯಾಸ ನೂರು ಮೀಟರಿಗೂ ಹೆಚ್ಚು. 19ನೇ ಶತಮಾನದ ನಕ್ಷೆಯಾದರೆ ಇನ್ನೂ ದೊಡ್ಡ ತೊಡಕಿದೆ. ಆಗ ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು ಆಧಾರವಾಗಿ ಹಿಡಿದಿದ್ದರು, ಆ ಅಂಕಿಯೇ 2 ನಿಮಿಷ 27 ಸೆಕೆಂಡು ಹೆಚ್ಚಾಗಿತ್ತು. ಕೊಡಗಿನ ಅಕ್ಷಾಂಶದಲ್ಲಿ ಇದು ಸುಮಾರು 4.4 ಕಿ.ಮೀ. ಇದನ್ನು ಕಳೆಯದೆ ಹೋದರೆ ನೀವು ಹುಡುಕುವ ಜಾಗ ಪೂರ್ವಕ್ಕೆ ನಾಲ್ಕು ಕಿಲೋಮೀಟರ್ ಸರಿದುಬಿಡುತ್ತದೆ.

ಮರದಡಿಯಲ್ಲಿ ಫೋನಿನ ಜಿಪಿಎಸ್ ಹತ್ತು ಇಪ್ಪತ್ತು ಮೀಟರ್ ತಪ್ಪಬಹುದು. ಒಂದೇ ಜಾಗದಲ್ಲಿ ಐದು ನಿಮಿಷ ನಿಂತು ಹಲವು ಅಂಕಿ ತೆಗೆದುಕೊಳ್ಳಿ, ಜೊತೆಗೆ ಹತ್ತಿರದ ಒಂದು ಗಟ್ಟಿ ಗುರುತಿನಿಂದ ಟೇಪು ಹಿಡಿದು ದೂರ ಬರೆಯಿರಿ. ಜಿಪಿಎಸ್ ಸುಳ್ಳು ಹೇಳಿದರೂ ಟೇಪಿನ ಅಳತೆ ಉಳಿಯುತ್ತದೆ.

ಹೋಗುವ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಕುರುಚಲು ಒಣಗಿರುತ್ತದೆ, ಜಿಗಣೆ ಇರುವುದಿಲ್ಲ, ಮೋರಿಯೊಳಗೆ ನೀರಿರುವುದಿಲ್ಲ. ಆನೆಕಾಡು, ಮಾಕುಟ್ಟದ ಭಾಗಗಳಲ್ಲಿ ರಸ್ತೆ ಬಿಟ್ಟು ಕಾಡಿಗಿಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಆನೆ ಇರುವ ಕಡೆ ಒಬ್ಬರೇ ಹೋಗುವ ಮಾತೇ ಇಲ್ಲ.

ದಫ್ತರ

ಕೊಡಗು 1956ರವರೆಗೆ ಪ್ರತ್ಯೇಕ ಆಡಳಿತದಲ್ಲಿತ್ತು, ಹಾಗಾಗಿ ಅದರ ಕಾಗದಗಳು ಹಲವು ಕಡೆ ಹಂಚಿಹೋಗಿವೆ. ಬೆಂಗಳೂರಿನ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ ಮತ್ತು ಅದರ ಅಭಿಲೇಖ್ ಪಟಲ್ ಜಾಲತಾಣ ಮೊದಲು ನೋಡಬೇಕಾದವು. ಸಂಪಾಜೆಯ ಕೆಳಗಿನ ರಸ್ತೆ ಹಿಂದೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಆ ತುಂಡಿನ ಕಡತಕ್ಕೆ ಚೆನ್ನೈ. ಕೊಡಗಿನ ವಾರ್ಷಿಕ ಆಡಳಿತ ವರದಿಗಳಲ್ಲಿ ಲೋಕೋಪಯೋಗಿ ಕೆಲಸದ ಅಧ್ಯಾಯವನ್ನು ವರ್ಷದಿಂದ ವರ್ಷಕ್ಕೆ ಹೋಲಿಸುತ್ತ ಹೋಗುವುದೇ ಒಳ್ಳೆಯ ದಾರಿ. ಹುಡುಕುವಾಗ ಮರ್ಕೆರಾ, ಫ್ರೇಸರ್‌ಪೇಟೆ, ವೀರರಾಜೇಂದ್ರಪೇಟೆ, ಟೆಲ್ಲಿಚೆರಿ ಎಂಬ ಹಳೆಯ ಹೆಸರುಗಳನ್ನೇ ಇಂಗ್ಲಿಷಿನಲ್ಲಿ, ಹಲವು ಕಾಗುಣಿತದಲ್ಲಿ ಹಾಕಿ.

ಮಂಜೂರಾದ ಕೆಲಸವೆಲ್ಲ ಆದ ಕೆಲಸವಲ್ಲ. ಅಂದಾಜು ಪಟ್ಟಿ ಸಿಕ್ಕಿತೆಂದು ಸೇತುವೆಗೆ ಆ ವರ್ಷ ಬರೆಯಬೇಡಿ, ಕೆಲಸ ಮುಗಿದ ವರದಿ ಸಿಗುವವರೆಗೆ ಕಾಯಿರಿ.

ಹಿರಿಯರನ್ನು ಕೇಳುವಾಗ

ಯಾವ ಇಸವಿ ಎಂದು ಕೇಳಿದರೆ ಹಿರಿಯರು ಅಂದಾಜಿಗೆ ಒಂದು ಹೇಳಿಬಿಡುತ್ತಾರೆ, ಅದು ದಾಖಲೆಯಾಗಿ ಕೂರುತ್ತದೆ. ಅದರ ಬದಲು ಗುರುತಿನ ಘಟನೆ ಹಿಡಿದು ಕೇಳಿ: ಈ ಸೇತುವೆ ಆದಾಗ ಅಜ್ಜಯ್ಯ ಇದ್ದರೇ? ನೀವು ಶಾಲೆಗೆ ಹೋಗುತ್ತಿದ್ದಿರೇ? ಇದ್ದಿಲಿನ ಬಸ್ಸು ಓಡುತ್ತಿದ್ದ ಕಾಲವೇ? ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಅನಿಲದಿಂದ ಓಡಿಸುತ್ತಿದ್ದರು. ಆ ಅನಿಲದಲ್ಲಿ ಕಸುವು ಕಡಿಮೆ, ಘಾಟಿಯಲ್ಲಿ ಜನ ಇಳಿದು ನಡೆಯುತ್ತಿದ್ದರು. ಕಂಡವರು, ಕಂಡವರಿಂದ ಕೇಳಿದವರು ಅದನ್ನು ಮರೆಯುವುದಿಲ್ಲ.

ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯಾವ ಮಾತಿನಲ್ಲಿ ಸಲೀಸೋ ಅದರಲ್ಲೇ ಹೇಳಲಿ. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಕನ್ನಡದ ಸಾರಾಂಶ ಬೇರೆಯಾಗಿ ಬರೆಯಿರಿ. ತೋಟದ ಮಾಲೀಕರನ್ನು ಕೇಳಿದಷ್ಟೇ ಶ್ರದ್ಧೆಯಿಂದ ರಸ್ತೆ ಗ್ಯಾಂಗಿನಲ್ಲಿ ದುಡಿದವರ ಮನೆಯವರನ್ನೂ ಕೇಳಬೇಕು. ಜಲ್ಲಿ ಎಲ್ಲಿಂದ ಬಂತು, ಮಳೆಗಾಲದಲ್ಲಿ ಯಾವ ಮೋರಿ ಮೊದಲು ಕಟ್ಟುತ್ತದೆ ಎಂಬುದು ಕಾಗದದಲ್ಲಿ ಇರುವುದಿಲ್ಲ, ಆ ಮನೆಗಳಲ್ಲಿರುತ್ತದೆ.

ಕಲ್ಲನ್ನು ತೆಗೆಯಲೇಬೇಕಾದಾಗ

ಮೊದಲ ನಿಯಮ, ಇದ್ದಲ್ಲೇ ಇರಲಿ. ರಸ್ತೆ ಬದಿಯ ಕಲ್ಲು ಆ ರಸ್ತೆಯನ್ನು ನೋಡಿಕೊಳ್ಳುವ ಇಲಾಖೆಯ ಆಸ್ತಿ. ರಕ್ಷಿಸುವ ಉದ್ದೇಶದಿಂದಾದರೂ ಮನೆಯ ಅಂಗಳಕ್ಕೆ ತರುವಂತಿಲ್ಲ, ತಂದರೆ ಮೇಲೆ ಹೇಳಿದ ಲೆಕ್ಕವೆಲ್ಲ ಹಾಳು. ಅಗಲೀಕರಣದ ಸುದ್ದಿ ಬಂದೊಡನೆ ಕಾರ್ಯಪಾಲಕ ಇಂಜಿನಿಯರರಿಗೆ ಫೋಟೋ, ಅಕ್ಷಾಂಶ–ರೇಖಾಂಶ, ಹತ್ತಿರದ ಕಿಲೋಮೀಟರ್ ಕಲ್ಲಿನಿಂದ ದೂರ ಇಷ್ಟನ್ನೂ ಕೊಟ್ಟು, ಅದೇ ಅಂತರದಲ್ಲಿ ರಸ್ತೆಯ ಹೊಸ ಅಂಚಿಗೆ ಹಿಂದೆ ಸರಿಸಿ ನೆಡುವಂತೆ ಬರೆದು ಕೇಳಿ. ಕೆಲಸ ಶುರುವಾದ ಮೇಲೆ ಕೊಟ್ಟ ಅರ್ಜಿ ಗುತ್ತಿಗೆದಾರರಿಗೆ ತಲುಪುವಷ್ಟರಲ್ಲಿ ಕಲ್ಲು ಏರಿಯೊಳಗೆ ಹೋಗಿರುತ್ತದೆ.

ಎತ್ತುವಾಗ ತೂಕದ ಅಂದಾಜಿರಲಿ. 120 ಸೆಂ.ಮೀ. ಉದ್ದ, 30 ಅಗಲ, 20 ದಪ್ಪದ ಕಲ್ಲು ಸುಮಾರು 195 ಕಿಲೋ ತೂಗುತ್ತದೆ. ಕಲ್ಲಿನ ಒಂದು ಭಾಗ ನೆಲದೊಳಗಿರುತ್ತದೆ, ಆದ್ದರಿಂದ ಕಂಡದ್ದಕ್ಕಿಂತ ಭಾರ ಹೆಚ್ಚು. ಸುತ್ತಲೂ ಬುಡದವರೆಗೆ ಮಣ್ಣು ಬಿಡಿಸಿ, ಹಲಗೆಯ ಮೇಲೆ ಮೆಲ್ಲಗೆ ಒರಗಿಸಿ, ಅಗಲವಾದ ಬಟ್ಟೆಯ ಬೆಲ್ಟಿನಿಂದ ಎತ್ತಬೇಕು. ಸರಪಳಿ ಹಾಕಿ ಜೆಸಿಬಿಯಿಂದ ಎಳೆದರೆ ನೆಲಮಟ್ಟದಲ್ಲಿ ಮುರಿಯುತ್ತದೆ, ಇಲ್ಲವೇ ಅಕ್ಷರದ ಅಂಚು ಹಾರುತ್ತದೆ. ತೆಗೆಯುವ ಮೊದಲು ಯಾವ ಮುಖ ಯಾವ ಊರಿನ ಕಡೆಗಿತ್ತೆಂದು ಫೋಟೋ ತೆಗೆಯಿರಿ. ತಿರುಗಿಸಿ ನೆಟ್ಟ ಕಲ್ಲು ನೋಡಿದವರಿಗೆಲ್ಲ ತಪ್ಪು ದಾರಿ ಹೇಳುತ್ತದೆ.

ಬರೆದದ್ದು ಉಳಿಯಬೇಕಾದರೆ

ಪ್ರತಿ ಗುರುತಿಗೂ ಒಂದು ಸಂಖ್ಯೆ ಕೊಡಿ, ಫೋಟೋದ ಹೆಸರೂ ಅದೇ ಸಂಖ್ಯೆಯಿಂದ ಶುರುವಾಗಲಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಕುಗ್ಗುತ್ತದೆ, ತೆಗೆದ ಜಾಗದ ಮಾಹಿತಿಯೂ ಅದರಿಂದ ಕಳಚಿಹೋಗುತ್ತದೆ. ಮೂಲ ಕಡತವನ್ನೇ ತೆಗೆದಿಡಿ. ಪ್ರತಿ ಸಾಲಿನ ಕೊನೆಗೆ ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರರಲ್ಲಿ ಯಾವುದೆಂದು ಬರೆಯಿರಿ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ. ಮಳೆಗಾಲದ ಕೊಡಗಿನಲ್ಲಿ ಹಾರ್ಡ್ ಡಿಸ್ಕಿಗೂ ಬೂಷ್ಟು ಹಿಡಿಯುತ್ತದೆ.

ಮೋರಿಗಳ ಪಟ್ಟಿಯನ್ನು ಮಾತ್ರ ಬೇರೆ ಹಾಳೆಯಲ್ಲಿ ಮಾಡಿ. ಸಂಖ್ಯೆ, ಜಾಗ, ಬಾಯಿಯ ಅಳತೆ, ಎಷ್ಟು ಭಾಗ ಹೂಳು ತುಂಬಿದೆ, ಹೊರಬಾಯಿಯ ನೀರು ಯಾರ ತೋಟಕ್ಕೆ ಅಥವಾ ಯಾವ ತೋಡಿಗೆ ಬೀಳುತ್ತದೆ ಎಂಬಷ್ಟು ಸಾಕು. ಬಿಟ್ಟುಹೋದ ತಿರುವಿನ ಹಳೆಯ ಮೋರಿಗಳೂ ಅದರಲ್ಲಿರಲಿ: ಮೇಲಿನ ಹಳೆಯ ಮೋರಿ ಕಟ್ಟಿದರೆ ಆ ನೀರು ದಾರಿ ಬದಲಿಸಿ ಹೊಸ ರಸ್ತೆಯ ಏರಿಯ ಬೆನ್ನಿಗೆ ಬರುತ್ತದೆ, ಇಲಾಖೆಯ ಪಟ್ಟಿಯಲ್ಲಿ ಅದು ಇರಲಾರದು. ಏಪ್ರಿಲ್ ಮುಗಿಯುವುದರೊಳಗೆ ಒಂದು ಪ್ರತಿ ಇಲಾಖೆಯ ಉಪವಿಭಾಗಕ್ಕೆ, ಇನ್ನೊಂದು ಗ್ರಾಮ ಪಂಚಾಯಿತಿಗೆ ತಲುಪಿದರೆ, ಹೂಳು ತೆಗೆಯಲು ಜೂನ್ ಮಳೆಗೆ ಮುಂಚೆ ಇನ್ನೂ ಒಂದು ತಿಂಗಳು ಸಿಗುತ್ತದೆ.